ತಾಳ ಹಿಡಿದ ಕೈ

ತಂತಿ ಹಿಡಿದುಕೊಂಡು ಹಾಜಿಮಲಂಗ ಮುಂಬಯಿಯ ಆ ಸಂಗೀತ ಮಂದಿರದ ಮೆಟ್ಟಿಲು ಹತ್ತಿದಾಗ ಸಂಜೆ ಆರೂಕಾಲು. "ಅವ್ವ ತೀರಿಕೊಂಡಳು, ನಾಳೆ ಮಧ್ಯಾಹ್ನ ಮಣ್ಣು" ಎಂದು ಸಿಂದಗಿಯಿಂದ ಬಂದ ತಂತಿ. ಏಳೂಮುಕ್ಕಾಲರ ಸೊಲ್ಲಾಪುರದ ಗಾಡಿ ಹಿಡಿದು, ಬೆಳಿಗ್ಗೆ ಇಂಡಿ ಊರಿನ ಮೇಲೆ ಹಾಯ್ದು ಸಿಂದಗಿಗೆ ಹೋಗುವ ಬಸ್ಸು ಸಿಕ್ಕರೆ ಅಣ್ಣ ತಮ್ಮ ಇಬ್ಬರಿಗೂ ಅವ್ವನ ಮುಖ ಸಿಗುತ್ತಿತ್ತು. ಗಾಡಿ ತಪ್ಪಿದರೆ ಗೋರಿಯ ಮಣ್ಣಷ್ಟೇ. ತಮ್ಮ ಶಹಾಬುದ್ದೀನ ಒಳಗಿದ್ದ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಪುಣೆಯ ಮಿಲಿಟರಿ ಬ್ಯಾಂಡು ಬಿಟ್ಟು ಶಹರದ ಸಿಂಫನಿ ವಾದ್ಯವೃಂದ ಸೇರಿದವನು. "ಒಮ್ಮೆ ಬಂದು ಕೇಳಣ್ಣಾ" ಎಂದು ಕರೆದೂ ಕರೆದೂ ಅವನ ಬಾಯಿ ಸೋತಿತ್ತು. ಗಿರಣಿಯ ಪಾಳಿ ಬಿಟ್ಟು ಹಾಜಿಮಲಂಗ ಒಮ್ಮೆಯೂ ಬಂದವನಲ್ಲ. ಬಂದದ್ದು ಇಂಥ ಸುದ್ದಿ ಹೊತ್ತು.

ಬಾಗಿಲು ಕಾಯುವವ ಒಳ್ಳೆಯ ಮುದುಕ. ತಂತಿಯ ವಿಷಯ ಕೇಳಿ, ಬದಿಯ ದಾರಿಯಿಂದ ವೇದಿಕೆಯ ಪರದೆಯ ತನಕ ತಾನೇ ಕರೆದುಕೊಂಡು ಹೋದ. ನಡುವೆ ಬಿಡುವಿಲ್ಲ, ಎಂಟರವರೆಗೆ ನಡೆಯುತ್ತದೆ, ಹಿಂದಿನಿಂದ ಹೋಗಿ ಕಿವಿಯಲ್ಲಿ ಹೇಳಿಬಿಡು, ಯಾರೂ ಏನೂ ಅನ್ನುವುದಿಲ್ಲ ಎಂದು ಹಿಂದಿಯಲ್ಲಿ ಪಿಸುಗುಟ್ಟಿದ.

ಸಾವಿರ ಮಂದಿ ಕುಳಿತಿದ್ದರೂ ಒಂದು ಕೆಮ್ಮು ಕೇಳದ ಜಾಗ ಅದು. ಕರಿ ಕೋಟಿನ ಅರವತ್ತು ಎಪ್ಪತ್ತು ಜನ ಬಾರಿಸುತ್ತಿದ್ದರು. ಕೊನೆಯ ಸಾಲಿನಲ್ಲಿ, ಪರದೆಯಿಂದ ಹತ್ತು ಹೆಜ್ಜೆ ಆಚೆ, ಶಹಾಬುದ್ದೀನ. ಅವನ ಮಗ್ಗುಲಿಗೆ ದೊಡ್ಡ ಡೋಲಿನವ. ಇಬ್ಬರೂ ಸುಮ್ಮನೆ ಕುಳಿತಿದ್ದರು. ತಮ್ಮನ ತೊಡೆಯ ಮೇಲೆ ಹಿತ್ತಾಳೆಯ ಎರಡು ಅಗಲ ತಾಳ, ಅವುಗಳ ಪಟ್ಟಿ ಬೆರಳಿಗೆ ಸುತ್ತಿತ್ತು. ಅಣ್ಣನನ್ನು ಕಂಡದ್ದೇ ಅವನ ಮುಖ ಅರಳಿತು. ಕೊನೆಗೂ ಬಂದೆಯಲ್ಲ ಎಂಬಂತೆ ಗೋಣು ಹಾಕಿದ. ಹಾಜಿಮಲಂಗನೂ ನಕ್ಕ. ಪಾಪ, ಮತ್ತೇನು ಮಾಡಿಯಾನು?

ಮುಂದಿಟ್ಟ ಹೆಜ್ಜೆ ಅಲ್ಲೇ ನಿಂತಿತು. ಅವರದು ಬಾಜಾ ಬಾರಿಸುವ ಮನೆತನ. ಅಪ್ಪ ಸತ್ತ ದಿನ ಅಣ್ಣ ತಮ್ಮ ಯಂಕಂಚಿಯ ಒಂದು ಮದುವೆಯಲ್ಲಿ ಬಾರಿಸುತ್ತಿದ್ದರು. ಸುದ್ದಿ ತಂದವಳು ಸ್ವತಃ ಅವ್ವ ಸೈದಾಬಿ. ತಂದವಳು ಚಪ್ಪರದ ಹೊರಗೆ, ಬೇವಿನ ಗಿಡದ ಕೆಳಗೆ, ಬಾಯಿಗೆ ಸೆರಗು ಒತ್ತಿಕೊಂಡು ಕುಳಿತೇ ಇದ್ದಳು. ಅಕ್ಷತೆ ಬಿದ್ದು, ಮಕ್ಕಳು ಬಾಜಾ ಕೆಳಗಿಟ್ಟ ಮೇಲಷ್ಟೇ ಬಾಯಿ ಬಿಟ್ಟಳು. "ಕೈಯಾಗ ವಾದ್ಯ ಇದ್ದಾವಂಗ ಸಾವಿನ ಸುದ್ದಿ ಹೇಳಬಾರದಪ್ಪಾ. ಆ ಕೈ ಮತ್ತ ನೆಟ್ಟಗ ಬಾರಸೂದಿಲ್ಲ" ಅಂದಿದ್ದಳು.

ಸರಿ, ಇವನು ಬಾರಿಸಿ ಕೆಳಗಿಡಲಿ ಎಂದು ಹಾಜಿಮಲಂಗ ನಿಂತ. ಬಾರಿಸಿದರಲ್ಲವೇ ಕೆಳಗಿಡುವುದು? ಪಿಟೀಲಿನವರು ಬೆವರಿದರು, ಊದುವವರ ಮುಖ ಕೆಂಪಾಯಿತು, ಶಹಾಬುದ್ದೀನ ಮಾತ್ರ ಮುಂದಿನ ಕಾಗದ ನೋಡುತ್ತ ಕುಳಿತ. ಊರಲ್ಲಿ ಹೀಗೆ ಕುಳಿತರೆ ಬೀಗರ ಪಂಗತಿಗೂ ಯಾರೂ ಕರೆಯುವುದಿಲ್ಲ. ಗೋಡೆಯ ಗಡಿಯಾರ ಏಳು ದಾಟಿತು. ಏಳೂಕಾಲಾಯಿತು. ಈಗ ಎದ್ದರೂ ಟ್ಯಾಕ್ಸಿ ಮಾಡಿ ಗಾಡಿ ಹಿಡಿಯಬಹುದಿತ್ತು. ತಾನೊಬ್ಬನೇ ಓಡಿಹೋಗಿ ಅವ್ವನ ಮುಂದೆ ಯಾವ ಮುಖದಿಂದ ನಿಲ್ಲುವುದು? ಕಿರಿಮಗನನ್ನು ಬಿಟ್ಟು ಬಂದೆ ಅನ್ನುವುದೇ? ಏಳೂವರೆಗೆ ತಮ್ಮ ಎದ್ದು ನಿಂತಾಗ ಜೀವ ಬಂದಂತಾಯಿತು. ತಮ್ಮ ಪಟ್ಟಿ ಬಿಗಿ ಮಾಡಿಕೊಂಡು ಮತ್ತೆ ಕುಳಿತ. ಏಳೂಮುಕ್ಕಾಲಾಯಿತು. ಗಾಡಿ ಹೋಯಿತು. ಪರದೆ ಹಿಡಿದು ನಿಂತವನ ಕಣ್ಣಿಂದ ದಳದಳ ನೀರಿಳಿಯಿತು. ಅದನ್ನು ಕಂಡ ತಮ್ಮ, ಸಂಗೀತ ಅಣ್ಣನಿಗೆ ಅಷ್ಟು ನಾಟಿತಲ್ಲ ಎಂದು ಹಿಗ್ಗಿದ.

ಎಂಟಕ್ಕೆ ಐದು ನಿಮಿಷವಿದ್ದಾಗ ಶಹಾಬುದ್ದೀನ ಎದ್ದು, ಎರಡೂ ತಾಳ ಎತ್ತಿ, ಒಂದೇ ಒಂದು ಏಟು ಹೊಡೆದ. ಅಲ್ಲಿಗೆ ಎಲ್ಲ ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾಳ ಕೆಳಗಿಟ್ಟು ನಗುನಗುತ್ತ ಬಂದವನ ಕೈಗೆ ಹಾಜಿಮಲಂಗ ತಂತಿ ಕೊಟ್ಟ.

ಓದಿದ. ಗಡಿಯಾರ ನೋಡಿದ.

"ನೀ ಯಾವಾಗ ಬಂದಿ?"

"ಆರೂಕಾಲಕ್ಕ."

"ನಾ ಖಾಲಿ ಕುಂತಿದ್ನಲ್ಲಣ್ಣಾ. ಯಾಕ ಹೇಳಲಿಲ್ಲ?"

"ಕೈಯಾಗ ತಾಳ ಇದ್ದುವು. ಅವ್ವ ಹೇಳಿದ್ದು ಮರತಿ ಏನು? ಮತ್ತ ನೀ ಎದ್ದು ಬಂದಿದ್ರ ಅದನ್ನ ಯಾರು ಬಾರಸವ್ರು?"

ಶಹಾಬುದ್ದೀನ ವೇದಿಕೆಯ ಕಡೆ ತಿರುಗಿದ. ಡೋಲಿನವ ತನ್ನ ಡೋಲಿಗೆ ಗವಸು ಹಾಕುತ್ತಿದ್ದ.

"ಅವ," ಅಂದ. "ನನಗ ಜ್ವರ ಬಂದ ದಿನ ಅವನೇ ಬಾರಸ್ತಾನ."