ಡಾಕ್ಟರ ಹಿಂದಿನ ಕಿಸೆ

ಮೊದಲೇ ಹೇಳಿಬಿಡುತ್ತೇನೆ... ಇದು ಹೂವಿನ ಚಿತ್ರದ ಜೊತೆ ಕಳಿಸುವ ಶುಭೋದಯದ ಕಥೆಯಲ್ಲ. ಓದಿದರೆ ಹೇಸಿಕೆಯಾಗಬಹುದು. ನನಗಂತೂ ಆಯಿತು.

ನಮ್ಮ ಧಾರವಾಡದ ಸೈಕಲ್ ಗ್ರೂಪಿನಲ್ಲಿ ಗುರುಪಾದ ಸವಣೂರ ಅಂತ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ದಿನವಿಡೀ ಕಂಡವರ ಬಾಯಿಯ ಹೊಲಸು ತೆಗೆದು ತೆಗೆದು, ಕಸ ಕಂಡರೆ ಮೈಯೆಲ್ಲ ಉರಿಯುವ ಮನುಷ್ಯ.

ಭಾನುವಾರ ಬಂತೆಂದರೆ ದಪ್ಪ ಟೈರಿನ ಗ್ರಾವೆಲ್ ಸೈಕಲ್ ಹತ್ತಿ ಒಬ್ಬರೇ ಕಾಡುದಾರಿ ಹಿಡಿಯುತ್ತಾರೆ. ಸಾಗುವಾನಿ ಮರಗಳ ನಡುವೆ ಬರೀ ಕಲ್ಲು, ಮಣ್ಣು... ಲಾರಿ ಇಲ್ಲ, ಬೈಕ್ ಇಲ್ಲ, ಹಾರ್ನ್ ಇಲ್ಲ.

ಇಲ್ಲ ಅಂದರೆ ಸುಮ್ಮನೆ ಇಲ್ಲವಾಗಿದ್ದಲ್ಲ. ದಾರಿಯ ಬಾಯಿಗೆ ಒಂದು ಗೇಟು, ಗೇಟಿಗೆ ಬಾಳವ್ವ. ಊರಿನ ಅರಣ್ಯ ಸಮಿತಿಯವರು ಇಟ್ಟುಕೊಂಡ ದಿನಗೂಲಿ ಹೆಂಗಸು. ಬೀಗದ ಕೈ ಸದಾ ಅವಳ ಸೆರಗಿನ ತುದಿಯಲ್ಲಿ. ಸೋಮವಾರಕ್ಕೊಮ್ಮೆ ಚೀಲ ಹಿಡಿದು ಇಡೀ ದಾರಿಯ ಕಸ ಆರಿಸುವುದೂ ಅವಳದೇ ಕೆಲಸ.

ಒಂದು ಭಾನುವಾರ ಡಾಕ್ಟರು ಎರಡನೇ ಸುತ್ತು ಹೊಡೆಯುವಾಗ ದಾರಿಯಲ್ಲಿ ಹೊಳೆಯುವ ಖಾಲಿ ಪ್ಯಾಕೆಟ್ ಕಂಡಿತು... ಮುಂದೆ ಇನ್ನೊಂದು.

ಎನರ್ಜಿ ಜೆಲ್ ಪ್ಯಾಕೆಟ್ಟುಗಳು. ದೂರ ಹೋಗುವವರು ಸೈಕಲ್ ಮೇಲೇ ಹಲ್ಲಿನಿಂದ ಹರಿದು ಹೀರುತ್ತಾರಲ್ಲ, ಆ ಅಂಟಂಟು ಸಿಹಿ. ಮೇಲೆಲ್ಲ ಇರುವೆ ಮುತ್ತಿದ್ದವು.

ಮುಟ್ಟಲು ಅಸಹ್ಯವಾಯಿತು. ನಿಂತಲ್ಲಿಂದಲೇ ಫೋಟೊ ತೆಗೆದರು.

ಗೇಟಿಗೆ ಬಂದವರೇ ಬಾಳವ್ವನ ಮೇಲೆ ಹರಿಹಾಯ್ದರು. "ಏನ್ ಮಾಡ್ತೀಬೇ ಇಲ್ಲಿ ಕುಂತು? ಈ ಹೊಲಸು ಕಣ್ಣಿಗೆ ಕಾಣಸಂಗಿಲ್ಲೇನು?"

"ಹೋದ ಸೋಮಾರ ಎಲ್ಲಾ ಆರಿಸೀನ್ರಿ ಡಾಕ್ಟ್ರ... ಮತ್ತ ಯಾರೋ ಒಗದಾರ..."

ಪೂರ್ತಿ ಕೇಳುವಷ್ಟು ತಾಳ್ಮೆ ಯಾರಿಗಿದೆ? ಫೋಟೊ ಗ್ರೂಪಿಗೆ ಬಂತು. 'ಕಾಡು ಕಾಯಲು ಕೂತವರು ನಿದ್ದೆ ಮಾಡುತ್ತಿದ್ದಾರೆ' ಅಂತ ಒಂದು ಸಾಲು. ನಾವೆಲ್ಲ ಸಾಲಾಗಿ ಸಿಟ್ಟಿನ ಕೆಂಪು ಮುಖದ ಎಮೋಜಿ ಒತ್ತಿದೆವು. ನಾನೂ ಒತ್ತಿದೆ. ಯಾರೋ ಅದನ್ನು ಸಮಿತಿಯ ಅಧ್ಯಕ್ಷರಿಗೂ ಕಳಿಸಿದರು.

ಮುಂದಿನ ಭಾನುವಾರ ಡಾಕ್ಟರು ಮೊದಲ ಸುತ್ತು ಮುಗಿಸಿ ಬಂದಾಗ, ಬಾಳವ್ವ ಗೇಟಿನ ಬಳಿ ಒಂದು ಚೀಲ ಇಟ್ಟುಕೊಂಡು ಕೂತಿದ್ದಳು.

"ಇವತ್ತ ಬೀಗದ ಕೈ ಕೊಟ್ಟ ಹೋಗು ಅಂದಾರ್ರಿ ಅಧ್ಯಕ್ಷರು. ನನ್ನ ಮನಿ ನಡಿಯೂದ ಈ ಕೆಲಸದಾಗ..."

ಡಾಕ್ಟರು ಒಳಗೊಳಗೇ 'ಸರಿಯಾಯಿತು' ಅಂದುಕೊಂಡರಂತೆ.

"ಒಂದ್ ಉಪಕಾರ ಮಾಡ್ರಿ. ನನಗ ಓದಾಕ ಬರಂಗಿಲ್ಲ. ಇದರ ಮ್ಯಾಲೆ ಏನೋ ಬರದಾರ... ಒಗದವರ ಹೆಸರರ ಐತೇನು ನೋಡ್ರಿ. ಹೆಸರು ಸಿಕ್ರ ನನ್ನ ಕೆಲಸ ಉಳೀತೈತಿ."

ಸೋಮವಾರ ಆರಿಸಿಟ್ಟ ಕಸದ ಆ ಚೀಲದಿಂದ ಒಂದು ಖಾಲಿ ಪ್ಯಾಕೆಟ್ ತೆಗೆದು ಕೊಟ್ಟಳು. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ '೪೦' ಅಂತಿತ್ತು.

ಇನ್ನೊಂದರ ಮೇಲೆ '೨೦'... ಮತ್ತೊಂದರ ಮೇಲೆ '೬೦'.

ಎಷ್ಟನೇ ಕಿಲೋಮೀಟರಿಗೆ ಯಾವುದನ್ನು ತಿನ್ನಬೇಕು ಅಂತ ನಾವು ಹಿಂದಿನ ದಿನವೇ ಬರೆದಿಟ್ಟುಕೊಳ್ಳುವ ಲೆಕ್ಕ ಅದು. ಕನ್ನಡ ಅಂಕಿಯಲ್ಲಿ ಬರೆಯುವವರು ಗ್ರೂಪಿನಲ್ಲಿ ಒಬ್ಬರೇ. ಅದಕ್ಕೆ ನಾವು ಅವರನ್ನು ಚೇಷ್ಟೆ ಮಾಡಿದ್ದೂ ಉಂಟು.

ಡಾಕ್ಟರ ಕೈ ತಾನಾಗಿಯೇ ಬೆನ್ನಿಗೆ ಹೋಯಿತು. ಜರ್ಸಿಯ ಹಿಂದೆ ಬಾಯ್ದೆರೆದ ಕಿಸೆ. ಖಾಲಿ ಪ್ಯಾಕೆಟ್ ತಪ್ಪದೆ ಅದರಲ್ಲೇ ತುರುಕುತ್ತಿದ್ದರು, ಅದು ಅವರಿಗೆ ಹೆಮ್ಮೆಯ ವಿಷಯ.

ಆ ದಿನ ಬೆಳಿಗ್ಗೆ ತಿಂದ '೨೦', '೪೦' ಎರಡೂ ಕಿಸೆಯಲ್ಲಿರಲಿಲ್ಲ.

ಕಲ್ಲಿನ ದಾರಿಯಲ್ಲಿ ಸೈಕಲ್ ಕುಣಿದಾಗೆಲ್ಲ ಹಗುರ ಪ್ಯಾಕೆಟ್ ಮೇಲೆದ್ದು ಹಾರಿಹೋಗುತ್ತಿತ್ತು. ಮನೆಗೆ ಹೋದ ಕೂಡಲೇ ಜರ್ಸಿ ವಾಷಿಂಗ್ ಮಷಿನ್ನಿಗೆ... ಒಂದು ದಿನವೂ ಕಿಸೆ ತಡಕಿ ನೋಡಿದವರಲ್ಲ.

"ಹೆಸರು ಐತೇನ್ರಿ?" ಅಂತ ಕೇಳಿದಳು ಬಾಳವ್ವ.

"ಇಲ್ಲ... ಏನೋ ಕಂಪನಿ ನಂಬರ್ ಅದು." ಅಷ್ಟು ಹೇಳಿ ಡಾಕ್ಟರು ಸೈಕಲ್ ಹತ್ತಿಬಿಟ್ಟರು.

ಹೌದು, ಹತ್ತಿ ಹೊರಟೇಬಿಟ್ಟರು. ಕೇಳಿ ನನಗೇ ಥೂ ಅನ್ನಿಸಿತು.

ಆದರೆ ಮೊದಲ ತಿರುವಿನಲ್ಲೇ ಸೈಕಲ್ ನಿಂತಿತು. ಆ ಪ್ಯಾಕೆಟ್ ಇನ್ನೂ ಕೈಯಲ್ಲೇ ಇತ್ತು. ಬೆರಳೆಲ್ಲ ಅಂಟು... ಅಷ್ಟರಲ್ಲಿ ಇರುವೆ ಕಚ್ಚಿತು.

'ಇಂಥ ನೂರಾರು ಇರುವೆ ಕಚ್ಚಿಸಿಕೊಂಡು ಅವಳು ನನ್ನ ಎಂಜಲು ಆರಿಸಿದ್ದಾಳೆ. ಈಗ ಅವಳ ಅನ್ನವನ್ನೂ ಕಿತ್ತುಕೊಂಡು ಓಡುತ್ತಿದ್ದೇನೆ... ಎಂಥ ಹೊಲಸು ಮನುಷ್ಯ ನಾನು...' ಇದು ಅವರೇ ನಮ್ಮ ಮುಂದೆ ಹೇಳಿದ ಮಾತು.

ತಿರುಗಿ ಬಂದರು. ಸೈಕಲ್ ನೆಲಕ್ಕೆ ಬಿಟ್ಟರು.

"ಯವ್ವಾ, ಸುಳ್ಳು ಹೇಳಿದ್ನಿ. ಇದು ನಂದು. ಚೀಲದಾಗಿನೂವು ಎಲ್ಲಾ ನನ್ನೂವ." ಕಣ್ಣೀರು ಇಳಿಯಿತು.

ಬಾಳವ್ವ ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು?

"ಅಳೂದು ಆಮ್ಯಾಲೆ ಆಗ್ಲಿ. ಮದಲ ಅಧ್ಯಕ್ಷರಿಗೆ ಫೋನ್ ಹಚ್ಚ್ರಿ. ನಾ ಹೇಳಿದ್ರ ನಂಬಂಗಿಲ್ಲ ಅವರು."

ಹಚ್ಚಿದರು. ಅಧ್ಯಕ್ಷರು ಬರುವವರೆಗೆ ಗೇಟಿನ ಬಳಿ ನೆಲದ ಮೇಲೆ ಕೂತಿದ್ದು, ಒಂದೊಂದೇ ಪ್ಯಾಕೆಟ್ ತೋರಿಸಿ ಒಪ್ಪಿಕೊಂಡರು. ಅದೇ ಗ್ರೂಪಿಗೆ ಆ ಚೀಲದ ಫೋಟೊ ಹಾಕಿ 'ನಿದ್ದೆ ಮಾಡುತ್ತಿದ್ದವನು ನಾನು' ಅಂತ ಬರೆದರು. ಈ ಸಲ ಯಾರೂ ಕೆಂಪು ಮುಖ ಒತ್ತಲಿಲ್ಲ. ಒತ್ತುವ ಮುಖ ನಮಗೂ ಇರಲಿಲ್ಲ.

ಬೀಗದ ಕೈ ಬಾಳವ್ವನ ಸೆರಗಿನಲ್ಲೇ ಉಳಿಯಿತು.

ಹೊರಡುವಾಗ ಡಾಕ್ಟರು ಕೈ ಮುಗಿದರು. ಅವಳು ಸೆರಗಿನ ಗಂಟು ಬಿಗಿ ಮಾಡುತ್ತ ಹೇಳಿದಳು...

"ಮುಂದಿನ ವಾರ ಆ ಕಿಸೆಗೆ ಗುಂಡಿ ಹಚ್ಚಿಸ್ಕೊಂಡ ಬರ್ರಿ. ಇಲ್ಲಂದ್ರ ಗೇಟ್ ತಗಿಯಾಂಗಿಲ್ಲ."

ಕಸ ಕಂಡು ಹೇಸುವುದು ಸುಲಭ... ಅದರ ಮೇಲೆ ನಮ್ಮದೇ ಅಕ್ಷರ ಇದೆಯಾ ಅಂತ ಬಗ್ಗಿ ನೋಡುವುದು ಕಷ್ಟ.

ಕೊನೆಯ ಸಲ ನೀವು ಇನ್ನೊಬ್ಬರ ಮೇಲೆ ಹರಿಹಾಯ್ದಿರಲ್ಲ... ಅದಕ್ಕೂ ಮೊದಲು ನಿಮ್ಮ ಹಿಂದಿನ ಕಿಸೆ ಮುಟ್ಟಿ ನೋಡಿಕೊಂಡಿದ್ದಿರಾ?