ಒಂದು ಬಕೆಟ್ ನೀರು

ಸೊಸೆ ಬಟ್ಟೆ ಒಗೆಯಲು ಕೂತದ್ದನ್ನು ಖಚಿತ ಮಾಡಿಕೊಂಡು ಅತ್ತೆ ಕಕ್ಕಸಿನ ಬಾಗಿಲು ತಳ್ಳಿದರು. ಮೂಗು ಮುಚ್ಚಿಕೊಂಡು ಇಣುಕಿದರು. ಇವತ್ತೂ ಕಪ್ಪು. ಟಾರಿನ ಹಾಗೆ.

ಅಂದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿದೆ.

ಡಾಕ್ಟರಮ್ಮ ಹೇಳಿದ್ದರು: "ನಿಮ್ಮ ಸೊಸೆಗೆ ಕೆಂಪು ರಕ್ತಕಣ ತುಂಬ ಕಡಿಮೆ. ಐರನ್ ಮಾತ್ರೆ ತಗೊಂಡ್ರೆ ಮಲ ಕಪ್ಪಾಗುತ್ತೆ, ಗಾಬರಿ ಆಗ್ಬೇಡಿ." ಅತ್ತೆ ಗಾಬರಿಯಾಗಲಿಲ್ಲ, ಹಿಗ್ಗಿದರು. ಸೊಸೆಯ ಬಾಯಿಮಾತು ನಂಬುವುದಕ್ಕಿಂತ ಇದು ವಾಸಿ. ಅವತ್ತಿನಿಂದ ಕಕ್ಕಸಿಗೊಬ್ಬ ತಪಾಸಣಾಧಿಕಾರಿ ಸಿಕ್ಕಂತಾಯಿತು.

ಕಕ್ಕಸಿನ ಫ್ಲಶ್ ಟ್ಯಾಂಕು ಕೆಟ್ಟು ಯಾವ ಕಾಲವಾಗಿತ್ತೋ. ಹೋದವರು ಒಂದು ಬಕೆಟ್ ನೀರು ಸುರಿದು ಬರಬೇಕು.

"ತವರಲ್ಲಿ ಇಷ್ಟೂ ಕಲಿಸಿಲ್ಲ," ಎಂದು ಗೊಣಗುತ್ತ ಅತ್ತೆ ತಾವೇ ಸುರಿದರು. ಹಿತ್ತಿಲಿಗೆ ಕೇಳುವಷ್ಟು ಗಟ್ಟಿಯಾಗಿ ಗೊಣಗಿದರು. ಬಟ್ಟೆ ಒಗೆಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮಗ ಆಗಲೇ ಸ್ನಾನ ಮುಗಿಸಿ ಹೊರಟು ನಿಂತಿದ್ದ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಅವನ ಸೊಂಟ ಹಿಡಿದಿತ್ತು. ಅತ್ತೆ ದಿನದಂತೆ ಅವನ ಅಂಗೈಗೆ ನೋವಿನ ಮಾತ್ರೆ ಹಾಕಿ ಕಾಫಿ ಕೊಟ್ಟರು.

"ಹೊಟ್ಟೆ ಉರೀತಿದೆ ಅಮ್ಮ. ತಿಂಡಿ ಬೇಡ."

"ಉರೀದೆ ಏನು ಮಾಡುತ್ತೆ? ಅವಳು ಹಾಕೋ ಖಾರ ಅಂಥದ್ದು."

ಕುಡಿದ ಲೋಟ ಕೂತ ಜಾಗದಲ್ಲೇ ಉಳಿಯಿತು. ಅವನಿಗೆ ಯಾವ ಮನೆಗೆಲಸವನ್ನೂ ಕಲಿಸದೆ ಬೆಳೆಸಿದ್ದೇ ಅತ್ತೆಯ ಹೆಮ್ಮೆ.

"ನಿಮ್ಮ ಮಗ ಈಚೆಗೆ ಬೆಳ್ಳಗಾಗಿದ್ದಾನಲ್ಲ," ಎಂದಳು ಗೇಟಿನ ಬಳಿ ನಿಂತ ಪಕ್ಕದ ಮನೆಯಾಕೆ.

"ಮದುವೆ ಕಳೆ ಕಣ್ರೀ. ಅವಳನ್ನ ನೋಡಿ, ಹಿಂಡಿದ ನಿಂಬೆಹಣ್ಣು. ರಕ್ತ ಇಲ್ಲದ್ದು ಒಂದು ನೆಪ, ಕೆಲಸ ತಪ್ಪಿಸೋಕೆ."

ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ. ಮೂವರೂ ಹೋದರು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಗ ಮತ್ತೆ ಮತ್ತೆ ನಿಂತ. ಹೆಂಡತಿಗೋಸ್ಕರ ನಿಲ್ಲುತ್ತಾನೆ, ಅಮ್ಮಾವ್ರ ಗಂಡ, ಎಂದು ಅತ್ತೆ ಮನಸ್ಸಿನಲ್ಲೇ ಮೂತಿ ತಿರುವಿದರು. ಅವನು ಕ್ಯಾಂಟೀನಿನ ಕಾಫಿ ಹಿಡಿದು ಹೊರಗೆ ಬೆಂಚಿನ ಮೇಲೆ ಕೂತ. ಹೆಂಗಸರು ಒಳಗೆ ಹೋದರು.

"ರಕ್ತ ಒಂಚೂರೂ ಏರಿಲ್ಲ. ಮಾತ್ರೆ ತಗೊಂಡ್ರಾ?" ಎಂದರು ಡಾಕ್ಟರಮ್ಮ, ರಿಪೋರ್ಟು ನೋಡಿ.

"ತಗೊಳ್ದೆ ಏನು?" ಎಂದರು ಅತ್ತೆ. "ದಿನಾ ನಾನೇ ನೋಡಿದ್ದೀನಿ, ಟಾರಿನ ಹಾಗೆ ಕಪ್ಪು. ತೂತು ಮಡಕೆಗೆ ಎಷ್ಟು ಸುರಿದರೇನು ಡಾಕ್ಟ್ರೇ?"

ಸೊಸೆ ತಲೆ ತಗ್ಗಿಸಿದಳು. "ಇಲ್ಲ ಮೇಡಂ. ಮೊದಲನೇದು ನುಂಗಿದಾಗ ವಾಂತಿ ಆಯ್ತು. ಅತ್ತೆ ಸಿಹಿಸುದ್ದಿ ಅಂತ ಬೀದಿಗೆಲ್ಲ ಸಾರಿಬಿಟ್ರು. ಆಮೇಲಿಂದೆಲ್ಲ ಗುಲಾಬಿ ಕುಂಡಕ್ಕೆ ಹಾಕಿದೆ."

"ಸುಳ್ಳಿ. ಹಾಗಾದ್ರೆ ಆ ಕಪ್ಪು ಎಲ್ಲಿಂದ ಬಂತೇ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಐರನ್ ಮಾತ್ರೆ ತಗೊಳ್ದೇನೂ ಮಲ ಅಷ್ಟು ಕಪ್ಪಗೆ ಹೋಗ್ತಿದ್ರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರ್ತಿರಬಹುದು. ಖಾಲಿ ಹೊಟ್ಟೇಲಿ ನೋವಿನ ಮಾತ್ರೆ ಏನಾದ್ರೂ ತಿಂತೀರಾ?"

"ನಾನಲ್ಲ ಮೇಡಂ." ಸೊಸೆ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಾನು ಒಂದು ದಿನವೂ ನೀರು ಸುರಿಯದೆ ಹೊರಗೆ ಬಂದಿಲ್ಲ."

ಅತ್ತೆ ಎದ್ದು ಬಾಗಿಲು ತೆರೆದರು. ಬೆಂಚಿನ ಮೇಲೆ, ಕುಡಿದಿಟ್ಟ ಕಾಫಿ ಲೋಟದ ಪಕ್ಕದಲ್ಲಿ, ಮಗ ಗೋಡೆಗೊರಗಿ ಕಣ್ಣು ಮುಚ್ಚಿದ್ದ, ಸುಣ್ಣ ಬಳಿದ ಆ ಗೋಡೆಗಿಂತ ಬೆಳ್ಳಗೆ.