ಹದಿನಾಲ್ಕನೇ ವಾರ್ಡಿನ ಓಟಿನ ಅರ್ಥ

ಫಲಿತಾಂಶ ಬಂದ ಮರುದಿನ ಬೆಳಿಗ್ಗೆ, ಪ್ರತಿ ಸಲದಂತೆ, ಓಟಿನ ಅರ್ಥ ಓದುವ ಗುಮಾಸ್ತ ಮನೆಮನೆಗೆ ಬಂದ. ನೀಲವ್ವ ಹೊಲಿಗೆ ನಿಲ್ಲಿಸಿ, ಹೆಬ್ಬೆಟ್ಟು ಒತ್ತಲು ಕೈ ಒರೆಸಿಕೊಂಡಳು. ಹೋದ ಸಲ ವಾರ್ಡಿನ ಓಟಿಗೆ 'ಶಾಲೆಯ ಊಟದಲ್ಲಿ ಮೊಟ್ಟೆ ಬೇಡ' ಎಂಬ ಅರ್ಥ ಬಂದಿತ್ತು. ಯಾರೂ ಹಾಗೆಂದುಕೊಂಡು ಓಟು ಹಾಕಿರಲಿಲ್ಲ. ಆದರೂ ಮಕ್ಕಳಿಗೆ ಮೊಟ್ಟೆ ಕೊಡುವುದು ನಿಂತುಹೋಗಿತ್ತು.

ಗುಮಾಸ್ತ ಓದಿದ: "ಗೆದ್ದ ಪಕ್ಷಕ್ಕೆ ಈ ವಾರ್ಡು ಕೊಟ್ಟ ಬಹುಮತದ ಅರ್ಥ: ಜೀವಾವಧಿ ಶಿಕ್ಷೆಯಲ್ಲಿರುವ ಫಕೀರೇಶನನ್ನು ಗಲ್ಲಿಗೇರಿಸುವುದು."

ಫಕೀರೇಶ ಪಕ್ಕದ ಮನೆ ತಂಗೆವ್ವನ ಮಗ. ನೀಲವ್ವ ದಡಬಡಿಸಿ ಎದ್ದಳು.

"ನಾ ನಳಕ್ಕ ನೀರು ಬರಲಿ ಅಂತ ಓಟು ಹಾಕೀನ್ರೀ! ಯಾರನ್ನೂ ಕೊಲ್ರಿ ಅಂದಿಲ್ಲ!"

"ಗೆದ್ದ ಸಾಹೇಬ್ರು ಭಾಷಣದಾಗ ಎರಡೂ ಹೇಳಿದ್ರಲ್ಲ ಯಕ್ಕಾ, ನೀರು ಕೊಡ್ತೀನಿ, ನೇಣು ಹಾಕ್ತೀನಿ ಅಂತ. ನೀವು ಹಾಕಿದ್ದು ಒಂದ ಓಟು. ಬಿಡಿಸಿ ಓದಾಕ ಬರಂಗಿಲ್ಲ."

"ಬ್ಯಾರೆಯವರಿಗೆ ಹಾಕಿದ್ರ?"

"ಸೋತವರ ಓಟಿಗೆ ನಾವು ಅರ್ಥ ಬರಿಯಂಗಿಲ್ರೀ."

ಅವನು ಶಾಯಿಯ ಪ್ಯಾಡು ಮುಂದೆ ಹಿಡಿದ. ನೀಲವ್ವನ ಕೈ ಮೇಲೇಳಲಿಲ್ಲ.

"ಒತ್ತದಿದ್ರೂ ನಡೀತೈತಿ. ಓದಿ ಹೇಳಿದ್ರ ಸಾಕು," ಎಂದು ಅವನು ಪಕ್ಕದ ಮನೆಯ ಹಾಳೆ ಹುಡುಕತೊಡಗಿದ.

ಅಷ್ಟರಲ್ಲಿ ಹೊರಗಿನಿಂದ ತಂಗೆವ್ವ ಕೂಗಿದಳು: "ನೀಲವ್ವಾ, ಲಗೂನ ಕೊಡ ತಗೊಂಡು ಬಾ! ನಳಕ್ಕ ನೀರು ಬಂತು. ನಾವು ಗೆದ್ವಿ!"

ಕುಣಿಯುತ್ತ ಎತ್ತಿ ತೋರಿಸಿದ ಅವಳ ಬೆರಳಿನಲ್ಲಿ ಓಟಿನ ಶಾಯಿ ಇನ್ನೂ ಮಾಸಿರಲಿಲ್ಲ.